ಕನ್ನಡ ವಾಕ್ಚಿತ್ರಕ್ಕೆ ಮಾತು ಕೊಟ್ಟ ಮಹನೀಯರು: ಬೆಳ್ಳಾವೆ ನರಹರಿ ಶಾಸ್ತ್ರಿಗಳು

ಬಹುಧನವನ್ನು ಬೇಡುವ ಕಲೆಗಳಲ್ಲಿ ಹಣ ತೊಡಗಿಸಿದವರ ಹೆಸರು ಮೊದಲು ನಿಲ್ಲುವುದು. ವೇಷ ಕಟ್ಟಿದವರ ಹೆಸರು ಅದರ ಬಳಿಕ ನಿಲ್ಲುವುದು. ಮಾತು ಬರೆದುಕೊಟ್ಟವರ ಹೆಸರು ನಿಂತರೆ ನಿಂತಿತು, ಇಲ್ಲವಾದರೆ ಇಲ್ಲ. ಈ ಲೋಕರೂಢಿಗೆ ಕನ್ನಡನಾಡೂ ಹೊರತಾಗಿಲ್ಲ. 1934ನೆಯ ಇಸವಿಯ ಮಾರ್ಚಿ ತಿಂಗಳ 3ನೆಯ ತಾರೀಖಿನಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬೆಳ್ಳಿಯ ತೆರೆಯು ಮೊಟ್ಟಮೊದಲಿಗೆ ಕನ್ನಡವನ್ನು ನುಡಿಯಿತು. ‘ಸತಿ ಸುಲೋಚನ’ ಎಂಬ ಆ ವಾಕ್ಚಿತ್ರದಲ್ಲಿ ರಾವಣನಾಗಿ ಗರ್ಜಿಸಿದ ಆರ್. ನಾಗೇಂದ್ರರಾಯರನ್ನೂ, ಇಂದ್ರಜಿತುವಾಗಿ ನಟಿಸಿದ ಎಂ. ವಿ. ಸುಬ್ಬಯ್ಯನಾಯ್ಡು ಅವರನ್ನೂ, ಸುಲೋಚನೆಯಾದ ತ್ರಿಪುರಾಂಬಾ ಅವರನ್ನೂ ನಾಡು ನೆನೆಯುತ್ತದೆ. ಆ ರಾವಣನ ಗರ್ಜನೆಗೆ ಶಬ್ದವನ್ನೂ, ಆ ಸುಲೋಚನೆಯ ಶೋಕಕ್ಕೆ ಹಾಡನ್ನೂ ಒದಗಿಸಿದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಅವರನ್ನು ನೆನೆಯುವವರು ಅಷ್ಟು ಮಂದಿ ಇಲ್ಲ. ಕನ್ನಡದಲ್ಲಿ ಚಿತ್ರಕ್ಕೆಂದು ಮಾತು ಬರೆಯುವ ವೃತ್ತಿಯು ಯಾರಿಂದ ಮೊದಲಾಯಿತೋ ಅವರ ಬಾಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಶಾಸ್ತ್ರಿಗಳು 1882ರಲ್ಲಿ ಹುಟ್ಟಿದರು. ಅವರ ಹೆಸರಿನ ಮೊದಲಲ್ಲಿರುವ ಬೆಳ್ಳಾವೆಯು ತುಮಕೂರು ಸೀಮೆಯ ಊರು. ಅವರು ಹುಟ್ಟಿದ ಕಾಲವೇ ಕನ್ನಡ ರಂಗಭೂಮಿಗೆ ಉಷಃಕಾಲವಾಗಿದ್ದಿತು. ಮೈಸೂರಿನ ಅರಮನೆಯಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಿಂದ ನಾಟಕದ ಮಂಡಲಿಯೊಂದು ಏರ್ಪಟ್ಟು, ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದುದು ಆ ದಿನಗಳಲ್ಲಿಯೇ. ಅದರ ಬೆನ್ನಿಗೆ 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಹುಟ್ಟಿತು. ಹೀಗೆ ಶಾಸ್ತ್ರಿಗಳೂ ಗುಬ್ಬಿಯ ಕಂಪೆನಿಯೂ ಒಂದೇ ಸೀಮೆಯಲ್ಲಿ ಸರಿಸುಮಾರು ಓರಗೆಯವರಾಗಿ ಬೆಳೆದರು. ಮುಂದೆ 1917ರಲ್ಲಿ ಗುಬ್ಬಿ ವೀರಣ್ಣನವರು ಆ ಕಂಪೆನಿಯ ಒಡೆತನವನ್ನು ವಹಿಸಿಕೊಂಡ ಮೇಲೆ ಇಬ್ಬರ ದಾರಿಗಳೂ ಕೂಡಿದುವು. ‘ಕೃಷ್ಣಲೀಲೆ’, ‘ಕಂಸವಧೆ’, ‘ಸದಾರಮೆ’ ಮೊದಲಾದ ನಾಟಕಗಳಿಂದ ಶಾಸ್ತ್ರಿಗಳ ಲೇಖನಿಯು ಮೈಸೂರು ಸೀಮೆಯ ಮನೆಮಾತಾಯಿತು.

ಆ ಕಾಲದ ನಾಟಕದ ಕಂಪೆನಿಗಳು ರೈಲುದಾರಿಯನ್ನು ಹಿಡಿದು ಬದುಕಿದುವೆಂದು ಹೇಳಬಹುದು. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ ಇವೆಲ್ಲ ಒಂದೇ ದಾರಿಯ ಮೇಲಣ ಊರುಗಳು. ಅರಸೀಕೆರೆಯಲ್ಲಿ ದಾರಿ ಕವಲೊಡೆದು, ಒಂದು ಕವಲು ಹಾಸನದ ಕಡೆಯಿಂದ ಮೈಸೂರಿಗೂ ಇನ್ನೊಂದು ಹುಬ್ಬಳ್ಳಿಯ ಕಡೆಗೂ ಸಾಗುವುದು. ಪರದೆಗಳು, ಪಕ್ಕದ ರೆಕ್ಕೆಗಳು, ಕಿರೀಟದ ಪೆಟ್ಟಿಗೆಗಳು, ಕಾಲಿನಿಂದ ಒತ್ತುವ ಹಾರ್ಮೋನಿಯಂ, ಅಡಿಗೆಯ ಹಂಡೆ, ನಟರ ಸಂಸಾರ, ಇವಿಷ್ಟನ್ನೂ ಹೊತ್ತು ಊರಿಂದೂರಿಗೆ ಹೋಗಬೇಕಾದ ಸಂಸ್ಥೆಗೆ ರೈಲೇ ಆಧಾರ. ಇಂತಹ ಊರುಗಳಲ್ಲಿ ಕಂಪೆನಿಯು ಬೀಡುಬಿಟ್ಟಾಗ ಸುತ್ತಲ ಹಳ್ಳಿಗಳ ಜನರು ಗಾಡಿ ಕಟ್ಟಿಕೊಂಡು ಬಂದು, ಇರುಳೆಲ್ಲ ನಾಟಕ ನೋಡಿ, ಬೆಳಕು ಹರಿಯುವಾಗ ಹಾಡನ್ನು ಗುನುಗುತ್ತ ಮನೆಗೆ ಮರಳುತ್ತಿದ್ದರು. ಅಕ್ಷರವನ್ನೇ ಅರಿಯದ ಜನಕ್ಕೆ ಪುರಾಣವೂ ಸಂಗೀತವೂ ಕನ್ನಡದ ಪ್ರೌಢಿಮೆಯೂ ದಕ್ಕಿದುದು ಬಹುಮಟ್ಟಿಗೆ ಹೀಗೆಯೇ.

ಕಂಪೆನಿಯ ಕವಿಯ ಕೆಲಸವು ಮನೆಯಲ್ಲಿ ಕುಳಿತು ಕಾವ್ಯ ಬರೆಯುವವನ ಕೆಲಸದಂತಲ್ಲ. ಕಥೆಯನ್ನು ಆರಿಸುವವನು ಯಜಮಾನ. ಪಾತ್ರಗಳ ಅಳತೆಯನ್ನು ಗೊತ್ತುಮಾಡುವವರು ಕಂಪೆನಿಯಲ್ಲಿರುವ ನಟರು. ಒಬ್ಬನಿಗೆ ಕಂಠವುಂಟು, ಮಾತಿಲ್ಲ. ಅವನಿಗೆ ಹಾಡು ಹೆಚ್ಚಿಸಬೇಕು. ಮತ್ತೊಬ್ಬನಿಗೆ ಮಾತಿನ ಗತ್ತುಂಟು, ಶ್ರುತಿಯಿಲ್ಲ. ಅವನಿಗೆ ವೀರರಸದ ಉದ್ದದ ಮಾತುಗಳನ್ನು ಹೊಸೆಯಬೇಕು. ಜನರು ಮೆಚ್ಚಿದ ಮಟ್ಟುಗಳು ಮೊದಲೇ ಸಿದ್ಧವಾಗಿರುವುವು. ಆ ಮಟ್ಟುಗಳ ಗುರುಲಘುಗಳಿಗೆ ಒಪ್ಪುವಂತೆ ಸಾಹಿತ್ಯವನ್ನು ಕೂಡಿಸಬೇಕು. ಹಿಂದುಗಡೆ ದೊಡ್ಡ ದರ್ಬಾರನ್ನು ಜೋಡಿಸಲು ಬಡಗಿಗಳಿಗೆ ಹತ್ತು ನಿಮಿಷ ಬೇಕಾದರೆ, ಆ ಹತ್ತು ನಿಮಿಷ ಮುಂದಿನ ಪರದೆಯ ಎದುರು ಸಭಿಕರನ್ನು ನಗಿಸುವ ಹಾಸ್ಯದ ಪ್ರಸಂಗವೊಂದನ್ನು ಕವಿಯೇ ಕಲ್ಪಿಸಬೇಕು. ಅದು ಕಥೆಗೆ ಅಂಟಿಕೊಂಡಿರಲೂ ಬೇಕು, ಕಥೆಯನ್ನು ಕೆಡಿಸಲೂ ಬಾರದು. ಸುತ್ತಿಗೆಯ ಸದ್ದು ಸಭೆಗೆ ಕೇಳದಂತೆ ನಗೆಯ ಸದ್ದನ್ನು ಎಬ್ಬಿಸುವುದು ಸಾಮಾನ್ಯ ವಿದ್ಯೆಯೆಂದು ಯಾರೂ ತಿಳಿಯಬಾರದು. ವಿದ್ವತ್ತಿನ ಜತೆಗೆ ರಂಗದ ಹದವನ್ನೂ ಬಲ್ಲವನಿಗೆ ಮಾತ್ರ ಅದು ಸಾಧ್ಯ. ಶಾಸ್ತ್ರಿಗಳಿಗೆ ಈ ಎರಡೂ ಒಲಿದಿದ್ದುವು.

ವೀರಣ್ಣನವರದು ಧಾರಾಳದ ಕೈ. ರಂಗಕ್ಕೆ ವಿದ್ಯುದ್ದೀಪದ ಬೆಡಗನ್ನು ತಂದವರು ಅವರು, 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ಕ್ಕಾಗಿ ಆನೆ ಕುದುರೆಗಳನ್ನೇ ಆಟದೊಳಕ್ಕೆ ನಡೆಸಿದವರು. ಇಂತಹ ವೈಭವದ ನಡುವೆ ಮಾತು ಸೋಲದಂತೆ ನೋಡಿಕೊಳ್ಳುವುದು ಕವಿಗೆ ಒಂದು ಪರೀಕ್ಷೆ. ಆನೆಯು ರಂಗದ ಮೇಲೆ ಬಂದು ನಿಂತಾಗ ಸಭಿಕರ ಕಣ್ಣು ಆನೆಯ ಮೇಲಿರುವುದು. ಆ ಕಣ್ಣನ್ನು ಮತ್ತೆ ಮನುಷ್ಯನ ಮುಖದ ಕಡೆಗೆ ತಿರುಗಿಸಬೇಕಾದುದು ಒಂದು ಒಳ್ಳೆಯ ಮಾತು. ಹಣವು ಬೆರಗನ್ನು ಹುಟ್ಟಿಸಬಲ್ಲುದು, ಕಣ್ಣೀರನ್ನು ಹುಟ್ಟಿಸಲಾರದು. ಕಂಪೆನಿಯ ನಾಟಕಗಳು ಜನರ ನಾಲಗೆಯ ಮೇಲೆ ನಿಂತುದು ಪರದೆಗಳ ಬಣ್ಣದಿಂದಲ್ಲ, ಹಾಡುಗಳಿಂದ ಎಂಬುದನ್ನು ಎಲ್ಲರೂ ಒಪ್ಪುವರು.

ವಿದ್ಯಾವಂತರಲ್ಲಿ ಕೆಲವರು ಈ ನಾಟಕಗಳನ್ನು ಹಗುರವಾಗಿ ಕಂಡುದುಂಟು. 1909ರಲ್ಲಿ ಬೆಂಗಳೂರಿನಲ್ಲಿ ಹವ್ಯಾಸಿಗಳ ಸಂಘವು ಏರ್ಪಟ್ಟಿತು. ತರುವಾಯ ಕೈಲಾಸಂ ಅವರು ಮನೆಯ ನಡುಮನೆಯ ಕನ್ನಡವನ್ನೇ ರಂಗಕ್ಕೆ ತಂದರು. ಅವರ ಪಕ್ಕದಲ್ಲಿ ಕಂಪೆನಿಯ ನಾಟಕದ ಭಾಷೆಯು ಸಂಸ್ಕೃತದ ಭಾರದಿಂದ ಬಾಗಿದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ಆದರೆ ಎರಡು ಸಂಗತಿಗಳನ್ನು ಮರೆಯಲಾಗದು. ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ಸಾವಿರ ಜನದ ಕೊನೆಯ ಸಾಲಿಗೆ ಮಾತು ಮುಟ್ಟಬೇಕಾದರೆ ಅದಕ್ಕೆ ದೀರ್ಘಾಕ್ಷರದ ಬಲವೂ ಲಯದ ಆಸರೆಯೂ ಬೇಕು. ಪಿಸುಮಾತಿನ ಸಹಜತೆಯು ಅಲ್ಲಿ ಮುಂದಿನ ಬೆಂಚಿನಲ್ಲಿಯೇ ಸತ್ತುಹೋಗುವುದು. ಎರಡನೆಯದಾಗಿ, ಆ ಕಾಲಕ್ಕೆ ಕನ್ನಡದ ಸೀಮೆಯಲ್ಲಿ ಪಾರಸಿ ಮತ್ತು ಮರಾಠಿ ಮಂಡಲಿಗಳ ಆಟಗಳೇ ಸೊಗಸೆಂದು ಎಣಿಕೆಯಿದ್ದಿತು. ಆ ಸೊಗಸನ್ನು ಕನ್ನಡದಲ್ಲಿಯೇ ಕಾಣಿಸಿ, ಕನ್ನಡಿಗನು ಅನ್ಯಭಾಷೆಯ ಡೇರೆಗೆ ಹೋಗದೆ ಸ್ವಭಾಷೆಯ ಡೇರೆಯಲ್ಲಿ ಕುಳಿತುಕೊಳ್ಳುವಂತೆ ಮಾಡಿದುದು ವರದಾಚಾರ್ಯರು, ವೀರಣ್ಣನವರು ಮೊದಲಾದ ರಂಗದ ಯಜಮಾನರ ಮತ್ತು ಅವರಿಗಾಗಿ ಬರೆದ ನರಹರಿ ಶಾಸ್ತ್ರಿಗಳಂತಹ ಕವಿಗಳ ಕಾರ್ಯ. ನಾಡಿನ ಭಾಷೆಗೆ ಸಂದ ಈ ಸೇವೆಯು ಸಣ್ಣದಲ್ಲ.

ವಾಕ್ಚಿತ್ರದ ಯುಗವು ಬಂದಾಗಲೂ ಇದೇ ಪ್ರಶ್ನೆ ತಲೆದೋರಿತು. 1931ರಲ್ಲಿ ಮುಂಬಯಿಯಿಂದ ‘ಆಲಂ ಆರಾ’ ಹೊರಬಂದಿತು. ಅದೇ ವರ್ಷ ತಮಿಳು ಮಾತು ತೆರೆಯ ಮೇಲೆ ಕೇಳಿಸಿತು. ಮರುವರ್ಷ ತೆಲುಗೂ ಮರಾಠಿಯೂ ಕೇಳಿಸಿದುವು. ಕನ್ನಡ ಮಾತ್ರ ಮೂಕವಾಗಿಯೇ ಇದ್ದಿತು. ಹರಿದು ಹಂಚಿಹೋಗಿದ್ದ ಕನ್ನಡನಾಡಿನಲ್ಲಿ ಕನ್ನಡದ ಚಿತ್ರಕ್ಕೆ ಮಾರುಕಟ್ಟೆ ಎಲ್ಲಿ ಎಂಬ ಶಂಕೆ ಬಂಡವಾಳಗಾರರಿಗೆ ಸಹಜವಾಗಿದ್ದಿತು. ಆ ಶಂಕೆಯನ್ನು ಮೀರಿ ಧೈರ್ಯ ಮಾಡಿದವರು ಬೆಂಗಳೂರಿನಲ್ಲಿ ವ್ಯಾಪಾರ ನಡೆಸುತ್ತಿದ್ದ ಚಮನ್‌ಲಾಲ್ ಡುಂಗಾಜಿ. ಅವರ ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯು ವೈ. ವಿ. ರಾವ್ ಅವರನ್ನು ನಿರ್ದೇಶಕರನ್ನಾಗಿ ನೇಮಿಸಿಕೊಂಡಿತು. ಶಾಸ್ತ್ರಿಗಳಿಗೆ ಮಾತು ಮತ್ತು ಹಾಡುಗಳ ಹೊಣೆಯನ್ನು ವಹಿಸಿತು. ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು 40,000 ರೂಪಾಯಿ. ಇಂದು ಒಂದೊಂದು ಚಿತ್ರಕ್ಕೆ ನೂರಾರು ಕೋಟಿ ಸುರಿಯುವುದನ್ನು ಕಂಡವರಿಗೆ ಈ ಮೊತ್ತವು ಅಲ್ಪವೆಂದು ತೋರಬಹುದು; ಆದರೆ ಕನ್ನಡದ ಹೆಸರಿನಲ್ಲಿ ಯಾರೂ ಕಾಸು ಹೂಡಲು ಮುಂದಾಗದಿದ್ದ ದಿನಗಳಲ್ಲಿ ಅದು ಸಾಹಸದ ಹಣವಾಗಿದ್ದಿತು.

ಮಾತನ್ನು ಮುದ್ರಿಸುವ ಅನುಕೂಲತೆಯಿದ್ದ ಚಿತ್ರಾಲಯವು ಅಂದು ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಆದಕಾರಣ ಕನ್ನಡದ ಮೊದಲ ವಾಕ್ಚಿತ್ರವು ಮರಾಠರ ಕೊಲ್ಲಾಪುರದ ಛತ್ರಪತಿ ಚಿತ್ರಾಲಯದಲ್ಲಿ ಸಿದ್ಧವಾಗಬೇಕಾಯಿತು. ಬೆಂಗಳೂರಿನಿಂದ ಆ ಊರಿಗೆ ಹೋಗುವ ರೈಲುದಾರಿಯು ಗುಬ್ಬಿ ಅರಸೀಕೆರೆಗಳನ್ನು ಹಾದು, ಹುಬ್ಬಳ್ಳಿಯನ್ನು ದಾಟಿ, ಮಿರಜೆಯಲ್ಲಿ ತಿರುಗುವುದು. ನಾಟಕದ ಕಂಪೆನಿಗಳು ಸಂಚರಿಸಿದ ದಾರಿಯೇ ಕನ್ನಡದ ಚಿತ್ರಕ್ಕೂ ದಾರಿಯಾಯಿತು. ಸುಮಾರು ಎಂಟು ವಾರಗಳಲ್ಲಿ ಚಿತ್ರೀಕರಣವು ಮುಗಿಯಿತು. ಆಗ ಹಿನ್ನೆಲೆಯ ಗಾಯನವೆಂಬುದಿಲ್ಲ. ನಟಿಸುವವರೇ ಹಾಡಬೇಕು, ಆಡುವ ಮಾತು ಅಲ್ಲಿಯೇ ಮುದ್ರಿತವಾಗಬೇಕು, ತಪ್ಪಿದರೆ ಮೊದಲಿನಿಂದ ಮತ್ತೆ ನಟಿಸಬೇಕು. ಹೀಗಿರುವಲ್ಲಿ ನಟನ ಉಸಿರಿಗೆ ಒಗ್ಗುವ ಮಾತನ್ನೂ ತಡವರಿಸದೆ ನುಡಿಯಬಲ್ಲ ಪದಬಂಧವನ್ನೂ ಬಲ್ಲ ಕವಿಯ ಬೆಲೆಯೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೇರೆಯಲ್ಲಿ ಕಲಿತ ಕಸಬು ಶಾಸ್ತ್ರಿಗಳಿಗೆ ಯಂತ್ರದ ಮುಂದೆಯೂ ಊರುಗೋಲಾಯಿತು.

ಕಥೆಯ ಆಯ್ಕೆಯನ್ನು ಗಮನಿಸಬೇಕು. ಇಂದ್ರಜಿತುವಿನ ಮಡದಿಯಾದ ಸುಲೋಚನೆಯ ವೃತ್ತಾಂತವು ವಾಲ್ಮೀಕಿಯಲ್ಲಿ ಇಲ್ಲ. ಜನರ ನಡುವೆ ಬೆಳೆದುಬಂದ ರಾಮಕಥೆಯಲ್ಲಿ ಉಂಟು. ಅವಳು ಆದಿಶೇಷನ ಮಗಳು. ಲಕ್ಷ್ಮಣನೋ ಆದಿಶೇಷನ ಅವತಾರ. ಹೀಗೆ ಗಂಡನನ್ನು ಕೊಲ್ಲುವವನು ತಂದೆಯ ಅಂಶದವನೇ ಆಗುವನು. ಗಂಡನ ಶಿರಸ್ಸನ್ನು ಬೇಡಿಕೊಂಡು ಆಕೆ ಶತ್ರುವಿನ ಶಿಬಿರಕ್ಕೆ ನಡೆದುಬರುವಾಗ ಗೆದ್ದವರೂ ತಲೆತಗ್ಗಿಸಬೇಕಾಗುವುದು. ಆಕೆಯು ಚಿತೆಯೇರುವ ಮುಕ್ತಾಯವನ್ನು ಇಂದಿನ ಮನಸ್ಸು ಒಪ್ಪದು, ಒಪ್ಪಬೇಕಾಗಿಯೂ ಇಲ್ಲ. ಆದರೆ ಯುದ್ಧದ ಅಬ್ಬರ, ರಾವಣನ ದರ್ಬಾರು, ಲಂಕೆಯ ಸಿರಿ ಇವೆಲ್ಲವನ್ನೂ ತೋರಿಸಬೇಕೆಂಬ ಬಂಡವಾಳಗಾರನ ಆಸೆಗೆ ಎಡೆಕೊಟ್ಟು, ಅದರ ನಡುವೆ ಸೋತ ಪಕ್ಷದ ಹೆಂಗಸೊಬ್ಬಳ ದುಃಖವನ್ನು ಕಥೆಯ ಹೃದಯವನ್ನಾಗಿ ಇಟ್ಟುಕೊಳ್ಳಲು ಅವಕಾಶವಿದ್ದ ವಸ್ತು ಅದು. ದೊಡ್ಡ ವೆಚ್ಚದ ಚಿತ್ರಕ್ಕೆ ಬರೆಯುವವನು ಎದುರಿಸಬೇಕಾದ ಸಮಸ್ಯೆಯು ಕನ್ನಡದಲ್ಲಿ ಮೊದಲ ದಿನದಿಂದಲೇ ಹೀಗೆ ಕಾಣಿಸಿಕೊಂಡಿತು; ವೈಭವವನ್ನೂ ಒದಗಿಸಬೇಕು, ವೈಭವದಡಿಯಲ್ಲಿ ಮನುಷ್ಯನನ್ನೂ ಉಳಿಸಬೇಕು.

ಈ ಸಮಸ್ಯೆಯು ಹೊಸದೇನೂ ಅಲ್ಲ. ಅರಸೀಕೆರೆಯಲ್ಲಿ ರೈಲಿಳಿದು ನೈಋತ್ಯಕ್ಕೆ ಹೋಗಿ ಹಳೇಬೀಡು ಬೇಲೂರುಗಳನ್ನು ಕಂಡವರು ಇದರ ಹಳೆಯ ಉತ್ತರವನ್ನು ಕಲ್ಲಿನಲ್ಲಿಯೇ ಕಾಣಬಹುದು. ಬೇಲೂರಿನ ಚೆನ್ನಕೇಶವನ ಗುಡಿಯು 1117ರಲ್ಲಿ ವಿಷ್ಣುವರ್ಧನನಿಂದ ಪ್ರತಿಷ್ಠಿತವಾಯಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು ಅದರ ಬೆನ್ನಲ್ಲೇ ಮೊದಲಾಯಿತು. ಅವೂ ತಮ್ಮ ಕಾಲಕ್ಕೆ ಅಪಾರ ವೆಚ್ಚದ ಕೃತಿಗಳು. ಹಳೇಬೀಡಿನ ಗೋಡೆಯ ಮೇಲೆ ಆನೆಗಳ ಸಾಲು, ಸಿಂಹಗಳ ಸಾಲು, ಕುದುರೆಗಳ ಸಾಲು ಇವುಗಳ ಮೇಲೆ ರಾಮಾಯಣ ಭಾರತ ಭಾಗವತಗಳ ಕಥಾಪಂಕ್ತಿ ಓಡುವುದು. ಆ ಕಥೆಗಳೆಲ್ಲ ಎಲ್ಲರಿಗೂ ತಿಳಿದುವೇ. ಶಿಲ್ಪಿಯ ಜಾಣ್ಮೆಯಿರುವುದು ಯಾವ ಕ್ಷಣವನ್ನು ಆರಿಸಿಕೊಂಡನೆಂಬುದರಲ್ಲಿ: ಕೃಷ್ಣನು ಗೋವರ್ಧನವನ್ನೆತ್ತಿ ನಿಂತ ಕ್ಷಣ, ರಾವಣನು ಕೈಲಾಸಕ್ಕೆ ಹೆಗಲುಕೊಟ್ಟ ಕ್ಷಣ. ‘ಕೃಷ್ಣಲೀಲೆ’ಯನ್ನು ಬರೆದ ಶಾಸ್ತ್ರಿಗಳ ಕೆಲಸವೂ ಇದೇ ಜಾತಿಯದು. ಕಥೆ ಊರಿಗೆಲ್ಲ ಗೊತ್ತು. ಮುಂದೇನೆಂಬ ಕುತೂಹಲವನ್ನು ನೆಚ್ಚಿಕೊಳ್ಳುವಂತಿಲ್ಲ. ಯಾವ ಘಳಿಗೆಯಲ್ಲಿ ನಿಲ್ಲಬೇಕು, ಆ ಘಳಿಗೆಯಲ್ಲಿ ಪಾತ್ರವು ಏನನ್ನು ನುಡಿಯಬೇಕು, ಯಾವಾಗ ಮಾತು ಸಾಕಾಗಿ ಹಾಡು ಬರಬೇಕು ಎಂಬುದರಲ್ಲಿಯೇ ಕವಿಯ ಕೈವಾಡ.

ಆದರೆ ಒಂದು ವ್ಯತ್ಯಾಸವುಂಟು. ಬೇಲೂರಿನ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರನ್ನು ಕನ್ನಡದ ಅಕ್ಷರಗಳಲ್ಲಿ ಕೊರೆದರು. ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ಒಂಬೈನೂರು ವರ್ಷಗಳು ಕಳೆದ ಮೇಲೆಯೂ ಹೆಸರಿನಿಂದ ನಮಗೆ ಪರಿಚಿತರು. ಒಡೆಯನಾದ ಅರಸನು ಅದಕ್ಕೆ ಅಡ್ಡಿ ಬರಲಿಲ್ಲ. ಕೆಲಸಗಾರನ ಹೆಸರಿನಿಂದ ತನ್ನ ಕೀರ್ತಿಗೆ ಕುಂದೆಂದು ಭಾವಿಸಲಿಲ್ಲ. ವಾಕ್ಚಿತ್ರದ ಕವಿಗೆ ಅಂತಹ ಕಲ್ಲು ದೊರೆಯಲಿಲ್ಲ. ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. 40,000 ರೂಪಾಯಿಯ ವೈಭವವೂ, ನಾಗೇಂದ್ರರಾಯರ ಕಂಠವೂ, ಕನ್ನಡದ ಮೊದಲ ಮಾತೂ ಒಂದೇ ಗಂಟಿನಲ್ಲಿ ಮಣ್ಣುಪಾಲಾದುವು. ದೇಶದ ಚಿತ್ರಗಳನ್ನು ಕಾಪಾಡುವ ರಾಷ್ಟ್ರೀಯ ಚಲನಚಿತ್ರ ಭಂಡಾರವು ಪುಣೆಯಲ್ಲಿ ಸ್ಥಾಪಿತವಾದುದು 1964ರಲ್ಲಿ. ಅಷ್ಟರೊಳಗೆ ಕನ್ನಡದ ಮೊದಲ ವಾಕ್ಚಿತ್ರಕ್ಕೆ ಮೂವತ್ತು ವರ್ಷ ತುಂಬಿದ್ದಿತು.

‘ಸತಿ ಸುಲೋಚನ’ದ ಮರುವರ್ಷ, 1935ರಲ್ಲಿ, ವೀರಣ್ಣನವರು ‘ಸದಾರಮೆ’ಯನ್ನು ತೆರೆಗೆ ತಂದರು, ಅದಕ್ಕೆ ಮೂಲ ಶಾಸ್ತ್ರಿಗಳ ನಾಟಕವೇ. ರಂಗದ ಮೇಲೆ ವೀರಣ್ಣನವರ ಕಳ್ಳನ ಪಾತ್ರವು ಯಾರ ಮಾತಿನಿಂದ ನಾಡನ್ನು ನಗಿಸಿತೋ ಅದೇ ಮಾತು ಚಿತ್ರಕ್ಕೂ ಬಂಡವಾಳವಾಯಿತು. ಇದರಿಂದ ಒಂದು ಪರಂಪರೆಯೇ ಮೊದಲಾಯಿತೆನ್ನಬಹುದು. ‘ಸತಿ ಸುಲೋಚನ’ದ ವರ್ಷವೇ ಹೊರಬಂದ ‘ಭಕ್ತ ಧ್ರುವ’ಕ್ಕೆ ದೇವುಡು ನರಸಿಂಹಶಾಸ್ತ್ರಿಗಳು ಬರೆದರು. 1942ರ ‘ಜೀವನ ನಾಟಕ’ಕ್ಕೆ ಹಾಸನ ಸೀಮೆಯ ಅರಕಲಗೂಡಿನ ಮನೆತನದವರಾದ ಅ. ನ. ಕೃಷ್ಣರಾಯರು ಬರೆದರು. ಗುಬ್ಬಿಯ ಕಂಪೆನಿಯ ಗರಡಿಯಲ್ಲಿಯೇ ಪಳಗಿದ ಜಿ. ವಿ. ಅಯ್ಯರ್ ಅವರು 1954ರ ‘ಬೇಡರ ಕಣ್ಣಪ್ಪ’ಕ್ಕೆ ಬರೆದರು. ಹುಣಸೂರು ಕೃಷ್ಣಮೂರ್ತಿಗಳು ಪುರಾಣದ ವೈಭವವನ್ನು 1965ರ ‘ಸತ್ಯ ಹರಿಶ್ಚಂದ್ರ’ದವರೆಗೂ ಅದರಾಚೆಗೂ ನಡೆಸಿದರು. ಇವರಲ್ಲಿ ಒಬ್ಬೊಬ್ಬರ ದಾರಿ ಒಂದೊಂದು. ಆದರೆ ಚಿತ್ರದ ಮಾತೂ ಸಾಹಿತ್ಯವೇ, ಅದನ್ನು ವಿದ್ಯಾವಂತನು ಬರೆಯಬಹುದು, ಬರೆಯಬೇಕು ಎಂಬ ಮರ್ಯಾದೆಯನ್ನು ಮೊದಲು ದೊರಕಿಸಿದವರು ಬೆಳ್ಳಾವೆಯ ಶಾಸ್ತ್ರಿಗಳು.

ಎಂಬತ್ತರ ಹತ್ತಿರದ ಆಯುಷ್ಯವನ್ನು ಕಂಡು ಶಾಸ್ತ್ರಿಗಳು 1961ರಲ್ಲಿ ತೀರಿಕೊಂಡರು. ಅವರ ಜೀವಿತದಲ್ಲಿ ನಾಡು ಬಹಳ ಬದಲಾಯಿಸಿದ್ದಿತು. ಅವರು ಹುಟ್ಟಿದಾಗ ಕನ್ನಡಕ್ಕೆ ನೆಲೆನಿಂತ ವೃತ್ತಿರಂಗಭೂಮಿಯೇ ಇರಲಿಲ್ಲ. ಅವರು ಕಣ್ಣುಮುಚ್ಚುವ ವೇಳೆಗೆ 1956ರ ಏಕೀಕರಣವಾಗಿ, ಬೀದರದಿಂದ ಕೊಳ್ಳೇಗಾಲದವರೆಗೆ ಒಂದೇ ರಾಜ್ಯದ ಜನರು ಒಂದೇ ಕನ್ನಡ ಚಿತ್ರವನ್ನು ನೋಡುವಂತಾಗಿದ್ದಿತು. ಹಂಚಿಹೋದ ನಾಡಿನಲ್ಲಿ ಕನ್ನಡದ ಚಿತ್ರಕ್ಕೆ ಮಾರುಕಟ್ಟೆ ಎಲ್ಲಿ ಎಂಬ 1934ರ ಶಂಕೆಗೆ ಕಾಲವೇ ಉತ್ತರ ಕೊಟ್ಟಿತು. ಅವರು ತೀರಿಕೊಂಡ ಮೂರು ವರ್ಷಗಳ ಬಳಿಕ, 1964ರಲ್ಲಿ, ಕನ್ನಡದ ಮೊದಲ ವರ್ಣಚಿತ್ರವು ಹೊರಬಂದಿತು. ಬಿ. ಎಸ್. ರಂಗಾ ಅವರು ತೆಗೆದ ‘ಅಮರಶಿಲ್ಪಿ ಜಕಣಾಚಾರಿ’ಯೇ ಅದು. ಬೇಲೂರಿನ ಶಿಲ್ಪಿಯ ಐತಿಹ್ಯವನ್ನು ಕನ್ನಡದ ತೆರೆಯು ಬಣ್ಣದಲ್ಲಿ ಕಂಡಿತು. ಮಾತು ಕೊಟ್ಟವರು ಮರೆಗೆ ಸರಿದ ಮೇಲೆ ಬಣ್ಣವು ಬಂದಿತು; ಬಣ್ಣವು ಮೊದಲು ಅರಸಿಕೊಂಡು ಹೋದುದು ಕಲ್ಲನ್ನು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ನಾಡಿಗೆ ಇದಕ್ಕಿಂತ ಹೆಮ್ಮೆಯ ಸಂಗತಿ ಬೇರೊಂದಿಲ್ಲ. ಕಲ್ಲಿಗೆ ಕಾವಲು ಉಂಟು, ಬೇಲಿ ಉಂಟು, ಇಲಾಖೆ ಉಂಟು. ಆದರೆ ಮಾತಿಗೆ? ವೃತ್ತಿರಂಗಭೂಮಿಯ ನಾಟಕದ ಹಸ್ತಪ್ರತಿಗಳು, ಆಟದ ದಿನ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಚಿತ್ರಮಂದಿರದ ಬಾಗಿಲಲ್ಲಿ ಹಂಚುತ್ತಿದ್ದ ಕರಪತ್ರಗಳು, ಇವು ಇಂದಿಗೂ ಹಳೆಯ ಮನೆಗಳ ಅಟ್ಟದ ಮೇಲೆ ಗೆದ್ದಲಿನ ಪಾಲಾಗುತ್ತಿವೆ. ಇವು ಅರಮನೆಯ ಆಸ್ತಿಯಲ್ಲ; ಸಣ್ಣ ಊರುಗಳ ಸಾಮಾನ್ಯರ ಮನೆಗಳಲ್ಲಿ ಇರುವಂತಹ ಸೊತ್ತು. ತಾಲ್ಲೂಕಿನ ಗ್ರಂಥಾಲಯಗಳೂ, ಪುರಸಭೆಗಳೂ, ಶಾಲಾಕಾಲೇಜುಗಳ ಉಪಾಧ್ಯಾಯರೂ ಮನಸ್ಸು ಮಾಡಿದರೆ ದೊಡ್ಡ ವೆಚ್ಚವಿಲ್ಲದೆಯೇ ಇವನ್ನು ಕೂಡಿಹಾಕಬಹುದು, ಪ್ರತಿಯೆತ್ತಿ ಉಳಿಸಬಹುದು. ಕಡೆಯ ಪ್ರತಿಯೂ ಹೋದ ಮೇಲೆ ಸಮಿತಿಯನ್ನು ನೇಮಿಸಿ ಫಲವಿಲ್ಲ; ‘ಸತಿ ಸುಲೋಚನ’ವು ಕಲಿಸಿದ ಪಾಠ ಒಂದೇ ಸಾಲದೆ?

ನರಹರಿ ಶಾಸ್ತ್ರಿಗಳು ಅರಸರಲ್ಲ, ಸಿರಿವಂತರ ಸಾಲಿನವರಲ್ಲ, ತೆರೆಯ ಮೇಲೆ ಮುಖ ತೋರಿದವರೂ ಅಲ್ಲ. ಇತರರ ಹಣದಲ್ಲಿ ಇತರರ ಬಾಯಿಂದ ಹೊರಡಬೇಕಾದ ಮಾತನ್ನು, ಅದು ತಮ್ಮದೇ ಆಗಿರುವಷ್ಟು ಶ್ರದ್ಧೆಯಿಂದ, ಸ್ವಚ್ಛವಾದ ಕನ್ನಡದಲ್ಲಿ ಬರೆದುಕೊಟ್ಟರು. ಆ ಮಾತಿನಿಂದ ಒಂದು ಭಾಷೆಯು ಯಂತ್ರದ ಯುಗದಲ್ಲಿ ತನ್ನ ದನಿಯನ್ನು ಪಡೆದುಕೊಂಡಿತು. ಬೇಲೂರಿನ ಶಿಲ್ಪಿಯ ಹೆಸರನ್ನು ಓದಿ ಬೆರಗಾಗುವ ಕನ್ನಡಿಗರು, ಕನ್ನಡ ಚಿತ್ರದ ಇತಿಹಾಸವನ್ನು ಓದುವಾಗ ಮೊದಲನೆಯ ಪುಟದಲ್ಲಿಯೇ ಬೆಳ್ಳಾವೆಯ ಶಾಸ್ತ್ರಿಗಳ ಹೆಸರನ್ನು ಕಾಣುವಂತಾಗಲಿ. ಅದು ಅವರಿಗೆ ತೋರುವ ದಯೆಯಲ್ಲ; ನಾಡು ಸಲ್ಲಿಸಬೇಕಾಗಿರುವ ಬಾಕಿ.